ಪ್ಲಿನಿಯ ಮೆಣಸಿಗೆ ತೀರ್ಥಹಳ್ಳಿಯಿಂದ ಒಂದು ಟಿಪ್ಪಣಿ

ನನ್ನದು ತೀರ್ಥಹಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟ. ಮರಕ್ಕೆಲ್ಲ ಕಾಳುಮೆಣಸು ಹಬ್ಬಿಸಿದ್ದೇನೆ. ಲ್ಯಾಟಿನ್ನಿಗೂ ನನಗೂ ಸಂಬಂಧವೇ ಇರಲಿಲ್ಲ. ದೀಪಾವಳಿಗೆ ಬಂದ ತಂಗಿ ಮಗಳು, "ಮಾವ, ರೋಮಿನವನೊಬ್ಬ ಎರಡು ಸಾವಿರ ವರ್ಷದ ಹಿಂದೆ ಮೆಣಸಿನ ಬಗ್ಗೆ ಬರೆದಿದ್ದಾನೆ, ನೋಡಿ" ಅಂತ ಲ್ಯಾಪ್‌ಟಾಪ್ ಮುಂದಿಟ್ಟಳು. ಅವನೇ ಪ್ಲಿನಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತವನು. ಅವನ 37 ಭಾಗಗಳ ಪುಸ್ತಕದ 12ನೇ ಭಾಗದಲ್ಲಿ ನಮ್ಮ ಬೆಳೆ ಇದೆ.

ಓದೋಕೆ ಎರಡು ಸಾಧನ ಬಳಸಿದೆ, ಎರಡೂ ಪುಕ್ಕಟೆ. ಒಂದು ಪರ್ಸಿಯಸ್, ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಗ್ರೀಕ್-ಲ್ಯಾಟಿನ್ ಗ್ರಂಥಗಳ ಸಂಗ್ರಹ. ಯಾವುದೇ ಪದ ಒತ್ತಿದರೆ ಅದರ ವ್ಯಾಕರಣ, ನಿಘಂಟಿನ ಅರ್ಥ ತೆರೆದುಕೊಳ್ಳುತ್ತದೆ. ಇನ್ನೊಂದು ಹೈಪಾಥಿಸಿಸ್. ಬ್ರೌಸರ್‌ಗೆ ಸೇರಿಸಿಕೊಂಡು ಸಾಲನ್ನು ಆರಿಸಿದರೆ ಪಕ್ಕದಲ್ಲೇ ಟಿಪ್ಪಣಿ ಬರೆಯಬಹುದು. ಕನ್ನಡದಲ್ಲೇ ಬರೆದೆ, ಒಂದಕ್ಷರವೂ ಒಡೆಯಲಿಲ್ಲ.

ಪ್ಲಿನಿ ಪ್ರಕಾರ ಮೆಣಸಿನ ಗಿಡ ಅವರ ಕಡೆಯ ಜೂನಿಪರ್ ಮರದ ಹಾಗಂತೆ! ಬಳ್ಳಿ ಅನ್ನೋದೇ ಗೊತ್ತಿಲ್ಲ. ಹಿಪ್ಪಲಿ, ಬೋಳುಕಾಳು (ಬಿಳಿಮೆಣಸು), ಕರಿಮೆಣಸು ಮೂರೂ ಒಂದೇ ಗಿಡದ್ದು, ಕೋಡು ಒಡೆಯುವ ಮೊದಲು ಕಿತ್ತು ಒಣಗಿಸಿದರೆ ಹಿಪ್ಪಲಿ ಅಂತಾನೆ. ಹಿಪ್ಪಲಿಯ ಬಳ್ಳಿಯೇ ಬೇರೆ ಅಲ್ವಾ? ಹಸಿರು ಕಾಳು ಒಣಗಿದರೆ ಕರಿಮೆಣಸು, ಹಣ್ಣಾದದ್ದರ ಸಿಪ್ಪೆ ತೆಗೆದರೆ ಬೋಳುಕಾಳು. "ಇವನು ತೋಟಕ್ಕೆ ಕಾಲಿಟ್ಟವನಲ್ಲ" ಅಂತ ಬರೆದು ಒತ್ತಿಬಿಟ್ಟೆ. ಐದು ನಿಮಿಷಕ್ಕೆ ಫೋನ್ ಬಂತು: "ಮಾವ, ಅದು ಇಡೀ ಲೋಕಕ್ಕೆ ಕಾಣುತ್ತಿದೆ!" ತಪ್ಪು ನನ್ನದೇ. ಒತ್ತುವ ಮೊದಲು ಪಬ್ಲಿಕ್ ಅಂತಿದ್ದದ್ದನ್ನು ಬದಲಿಸಿಕೊಳ್ಳಬೇಕಿತ್ತು. ಆಮೇಲೆ ಅವಳು ನಮ್ಮಿಬ್ಬರಿಗೇ ಒಂದು ಗ್ರೂಪ್ ಮಾಡಿಕೊಟ್ಟಳು.

ಆದರೆ ಮುಂದಿನ ಸಾಲಲ್ಲಿ ನನ್ನ ಬಾಯಿ ಮುಚ್ಚಿತು. ಹವಾಮಾನ ಕೆಟ್ಟಾಗ ಕಾಳು 'ಕಸ್ಸಾ ಎತ್ ಇನಾನಿಯಾ' ಆಗುತ್ತವೆ ಅಂತಿದೆ. 'ಕಸ್ಸಾ' ಒತ್ತಿದೆ. ಸ್ತ್ರೀಲಿಂಗ ಏಕವಚನವೂ ಆಗಬಹುದು, ನಪುಂಸಕ ಬಹುವಚನವೂ ಆಗಬಹುದು ಅಂತ ಬಂತು. ಆರಿಸುವುದು ನಮ್ಮ ಕೆಲಸ. ಹಿಂದಿನ ಪದ 'ಸೆಮಿನಾ', ಬೀಜಗಳು. ಅದು ನಪುಂಸಕ ಬಹುವಚನ, ಹಾಗಾಗಿ ಇದೂ ಅದೇ. ಅರ್ಥ: ಒಳಗೇನೂ ಇಲ್ಲದ್ದು, ಬರಿದು. ಅಯ್ಯೋ, ಇದು ನಮ್ಮ ಜೊಳ್ಳು! ಅಂಗಳದಲ್ಲಿ ಮೊರ ಹಿಡಿದು ಕೇರುವಾಗ ಹಾರಿಹೋಗುತ್ತದಲ್ಲ, ಅದೇ. ಪಕ್ಕದಲ್ಲಿ ಇಂಗ್ಲಿಷ್ ಅನುವಾದವೂ ಇತ್ತು, ಆದರೆ ಅದನ್ನೋದಿದಾಗ ಜೊಳ್ಳು ನೆನಪಾಗಿರಲಿಲ್ಲ. ಇಂಥ ಕಾಳಿಗೆ 'ಬ್ರೆಗ್ಮಾ' ಅಂತಾರೆ, ಭಾರತೀಯರ ಮಾತಲ್ಲಿ ಸತ್ತದ್ದು ಅಂತ ಅರ್ಥ ಅಂತಲೂ ಬರೆದಿದ್ದಾನೆ. ಆ ಪದದ ಮೇಲೆ ನಮ್ಮಿಬ್ಬರ ಟಿಪ್ಪಣಿ ಈಗ ಹನ್ನೊಂದಾಗಿದೆ. ನಿರ್ಧಾರ ಆಗಿಲ್ಲ.

ತೊಡಕಿಲ್ಲ ಅಂತಲ್ಲ. ಪ್ಲಿನಿಗೆ ಎರಡು ಥರ ಅಂಕಿ ಇದೆ. ಹಳೇ ಇಂಗ್ಲಿಷ್ ಅನುವಾದದಲ್ಲಿ ಮೆಣಸು 14ನೇ ಅಧ್ಯಾಯ, ಲ್ಯಾಟಿನ್ ಮೂಲದಲ್ಲಿ 26ರಿಂದ 29ನೇ ಖಂಡ. ಇದು ತಿಳಿಯದೆ ಒಂದು ಸಂಜೆ ಹಾಳಾಯಿತು. ಟಿಪ್ಪಣಿ ಅಂಟಿಕೊಳ್ಳುವುದು ಆರಿಸಿದ ಪದಗಳಿಗೆ ಮತ್ತು ಅದರ ಅಕ್ಕಪಕ್ಕದ ಪದಗಳಿಗೆ. ಪುಟದ ಪಠ್ಯವೇ ಬದಲಾದರೆ ಅದು ಜಾಗ ತಪ್ಪಿದ ಟಿಪ್ಪಣಿಗಳ 'ಅನಾಥ' ಪಟ್ಟಿಗೆ ಹೋಗುತ್ತದೆ, ಅಳಿಸಿಹೋಗಲ್ಲ. ನೆಟ್ ಬೇಕೇ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಅದು ಹೇಗಿರುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನಾನು ನೋಟ್‌ಬುಕ್ಕಲ್ಲಿ ಬರೆದಿಟ್ಟು ಆಮೇಲೆ ಏರಿಸುತ್ತೇನೆ.

ಪಕ್ಕದ ತೋಟದವರಿಗೆ ತೋರಿಸಿದರೆ ಕೇಳಿದ್ದು ಒಂದೇ: "ಆಗ ರೇಟ್ ಎಷ್ಟಿತ್ತು?" ಅದೂ ಇದೆ. ಒಂದು ರೋಮನ್ ಪೌಂಡಿಗೆ ಕರಿಮೆಣಸು 4 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಬಿಳಿದು 7, ಹಿಪ್ಪಲಿ 15. "ಹಿಪ್ಪಲಿ ಹಾಕಬೇಕಿತ್ತು ನಾವು" ಅಂದರು.

ಈಗ ಶುಂಠಿಯ ಸಾಲಿಗೆ ಬಂದಿದ್ದೇನೆ. ಶುಂಠಿ ಮೆಣಸಿನ ಗಿಡದ ಬೇರು ಅಂತ ಕೆಲವರು ಅಂದುಕೊಂಡಿದ್ದರು, ಅಲ್ಲ ಅಂತಾನೆ ಪ್ಲಿನಿ. ಅದಕ್ಕೆ "ಶಭಾಷ್" ಅಂತ ಬರೆದಿದ್ದೇನೆ, ಈ ಸಲ ಗ್ರೂಪಿನಲ್ಲೇ.