ಜರ್ಮನಿಯಿಂದ ವಾಪಸ್ ಬರೋ ಕೊನೇ ವಾರ: ರೂಮಿನ ಕೀ ಕೊಡೋ ಮುಂಚೆ ಇದನ್ನ ಓದಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಜರ್ಮನಿಗೆ ಎಂ.ಎಸ್. ಮಾಡೋಕೆ ಹೋಗಿರೋ ಮಕ್ಕಳು, ಅವರ ಅಪ್ಪ-ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ. ನಮ್ಮ ಮನೆ ಹುಡುಗಿ, ಚಿಕ್ಕಪ್ಪನ ಮಗಳು, ಓದು ಮುಗಿಸಿ ಹಾಸನಕ್ಕೆ ಬಂದಾಯ್ತು. ಅವಳು ಕಟ್ಟಿದ್ದ 1,200 ಯೂರೋ ಅಡ್ವಾನ್ಸ್ ಮಾತ್ರ ಅಲ್ಲೇ ಉಳೀತು. ಒಂದು ಯೂರೋನೂ ಬಂದಿಲ್ಲ. ನಮ್ಮ ದುಡ್ಡಲ್ಲಿ ಒಂದು ಲಕ್ಷಕ್ಕೂ ಮೇಲೆ. ಬ್ಯಾಂಕಲ್ಲಿ ಎಜುಕೇಷನ್ ಲೋನ್ ಮಾಡಿ, ಬಡ್ಡಿ ಕಟ್ಟಿಕೊಂಡು ಕಳಿಸಿದ ದುಡ್ಡು ಅದು.

ತಿಂದವನು ಯಾರೋ ಪರದೇಶದವನಾಗಿದ್ದರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ. ನಮ್ಮ ಜಿಲ್ಲೆಯವನೇ. ಕನ್ನಡ ಮಾತಾಡಿಕೊಂಡು, "ಪುಟ್ಟಿ, ಊಟ ಆಯ್ತಾ" ಅಂತ ಕೇಳಿಕೊಂಡು, ಅವಳ ಅಮ್ಮನಿಗೆ ಹಬ್ಬಕ್ಕೆ ಫೋನ್ ಮಾಡಿ ಆಶೀರ್ವಾದ ತಗೊಂಡು ಮೋಸ ಮಾಡಿದವನು. ನೆಂಟರ ಮುಂದೆ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ಇವನಂಥೋರಿಗೆ ಬೇಕಾಗಿರೋದು ನಮ್ಮ ಆ ನಾಚಿಕೆನೇ, ಅದಕ್ಕೇ ಬರೀತಿದ್ದೀನಿ.

ವ್ಯವಹಾರ ಹೇಗೆ ಅಂದ್ರೆ, ಪೂರ್ವ ಜರ್ಮನಿಯ ಯೂನಿವರ್ಸಿಟಿ ಇರೋ ಒಂದು ಊರಲ್ಲಿ ಇವನು ತನ್ನ ಹೆಸರಲ್ಲಿ ಫ್ಲಾಟ್‌ಗಳನ್ನ ಬಾಡಿಗೆಗೆ ತಗೊಂಡು, ಒಂದೊಂದು ರೂಮನ್ನ ಕರ್ನಾಟಕದಿಂದ ಬರೋ ಮಕ್ಕಳಿಗೆ ಒಳಬಾಡಿಗೆಗೆ ಕೊಡ್ತಾನೆ. ಹಾಸ್ಟೆಲ್ ಸಿಗದೆ ಒದ್ದಾಡೋ ಮಕ್ಕಳಿಗೆ ಅದು ದೇವರು ಕೊಟ್ಟ ಹಾಗೆ ಕಾಣುತ್ತೆ. ಒಳಬಾಡಿಗೆ ತಪ್ಪಲ್ಲ, ಆದ್ರೆ ಮನೆ ಮಾಲೀಕರ ಒಪ್ಪಿಗೆ ಇರಬೇಕು. ಇವನು ಕೊನೇವರೆಗೂ ಒಂದು ಕಾಗದಕ್ಕೂ ಸಹಿ ಹಾಕದೆ ಜಾರಿಕೊಂಡಿದ್ದು ನೋಡಿದ್ರೆ, ಆ ಒಪ್ಪಿಗೆ ಇರಲಿಲ್ಲ ಅಂತಲೇ ನನಗೆ ಅನ್ಸೋದು. ಸಹಿ ಹಾಕಿದ್ರೆ ಆ ಕಾಗದ ಮಾಲೀಕರ ಕೈಗೆ ಹೋಗಬಹುದಲ್ಲ.

ಅಡ್ವಾನ್ಸ್ ಲೆಕ್ಕದಲ್ಲೇ ಮೋಸ ಶುರು. ಅಲ್ಲಿ ಅಡ್ವಾನ್ಸಿಗೆ ಕೌಟ್ಸಿಯೋನ್ ಅಂತಾರೆ. ಕಾನೂನು ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳೋ ಹಾಗಿಲ್ಲ. ಕಾಲ್ಟ್‌ಮೀಟೆ ಅಂದ್ರೆ ಹೀಟಿಂಗ್, ನೀರು, ಕಸ ಯಾವುದೂ ಸೇರದ ಬರೀ ಬಾಡಿಗೆ. ಅಗ್ರಿಮೆಂಟಲ್ಲಿ ಕಾಲ್ಟ್‌ಮೀಟೆ 320, ಮಿಕ್ಕ ಖರ್ಚಿಗೆ 80, ಒಟ್ಟು 400. ಅಂದ್ರೆ ಹೆಚ್ಚೆಂದರೆ 960 ಯೂರೋ ತಗೋಬಹುದಿತ್ತು. ಇವನು 400ನ್ನ ಮೂರರಿಂದ ಗುಣಿಸಿ 1,200 ಇಸ್ಕೊಂಡ. ಅದನ್ನ ಮೂರು ಕಂತಲ್ಲಿ ಕಟ್ಟೋ ಹಕ್ಕೂ ಬಾಡಿಗೆದಾರರಿಗೆ ಇದೆ. ಒಂದೇ ಸಲ ಹಾಕಿಸಿಕೊಂಡ. ಆಗ ತಾನೇ ವಿಮಾನ ಇಳಿದ ಮಗು, ವೀಸಾಗೆ ಅಂತ ಮೊದಲೇ ದುಡ್ಡು ಇಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯೋ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ಸಾವಿರದಷ್ಟೂ ಬರಲ್ಲ, ಅದರ ಹತ್ತಿರ 1,200!

ಕೊನೇ ವಾರ ಹೇಗಿರುತ್ತೆ ಅಂತ ಹೋಗಿ ಬಂದವರಿಗೆ ಗೊತ್ತು. ಥೀಸಿಸ್ ಕೊಡಬೇಕು, ಕಾಲೇಜಿಂದ ಹೆಸರು ತೆಗೆಸಬೇಕು, ಇನ್ಶೂರೆನ್ಸ್, ಮೊಬೈಲ್, ಜಿಮ್ ಎಲ್ಲಾ ಕ್ಯಾನ್ಸಲ್ ಮಾಡಬೇಕು, ತೂಕದ ಮಿಷನ್ ಮುಂದೆ ಸೂಟ್‌ಕೇಸ್ ಬಿಚ್ಚಿ ಕಟ್ಟಬೇಕು. ನಗರಸಭೆಯಲ್ಲಿ ಆಬ್‌ಮೆಲ್ಡುಂಗ್, ಅಂದ್ರೆ ಊರು ಬಿಡ್ತೀನಿ ಅಂತ ವಿಳಾಸ ತೆಗೆಸೋದು, ಮನೆ ಬಿಡೋ ಒಂದು ವಾರ ಮುಂಚೆಯಿಂದ ಬಿಟ್ಟ ಎರಡು ವಾರದೊಳಗೆ ಆಗಬೇಕು. ಆ ಕಾಗದ ಇಲ್ಲದೆ ಬೇರೆ ಅರ್ಧ ಕೆಲಸ ನಡೆಯಲ್ಲ. ಈ ಗಡಿಬಿಡಿ ಇವನಿಗೆ ಚೆನ್ನಾಗಿ ಗೊತ್ತು. ಅದನ್ನೇ ಕಾಯ್ತಿರ್ತಾನೆ.

ಮನೆ ಒಪ್ಪಿಸುವಾಗ ಅಲ್ಲಿ ಊಬರ್‌ಗಾಬೆ ಪ್ರೊಟೊಕೋಲ್ ಅಂತ ಒಂದು ಕಾಗದ ಮಾಡ್ತಾರೆ. ಪ್ರತಿ ರೂಮಿನ ಗೋಡೆ, ನೆಲ, ಕಿಟಕಿ ಹೇಗಿದೆ, ಕರೆಂಟ್ ಮತ್ತೆ ನೀರಿನ ಮೀಟರ್ ಎಷ್ಟಿದೆ, ಹೀಟರ್ ಮೇಲಿನ ಪುಟ್ಟ ಮೀಟರ್ ಎಷ್ಟು ತೋರಿಸ್ತಿದೆ, ಎಷ್ಟು ಕೀ ವಾಪಸ್ ಕೊಟ್ಟಿದ್ದು, ಎಲ್ಲಾ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಕೊಳ್ಳೋದು. ಹುಡುಗಿ ಅದರ ಫಾರಂ ಪ್ರಿಂಟ್ ತೆಗೆದು ಇಟ್ಟಿದ್ದಳು. ಬೆಳಗ್ಗೆ ಬರ್ತೀನಿ ಅಂದ. ಮಧ್ಯಾಹ್ನ ಅಂದ. ಸಾಯಂಕಾಲ ಫ್ರಾಂಕ್‌ಫರ್ಟ್‌ಗೆ ಟ್ರೈನ್ ಇದೆ ಅಣ್ಣ ಅಂತ ಇವಳು ಮೆಸೇಜ್ ಮೇಲೆ ಮೆಸೇಜ್ ಹಾಕಿದ್ದಾಳೆ. ಕೊನೆಗೆ ಬಂದ ಉತ್ತರ: "ನಂದು ಟ್ರೈನ್ ಲೇಟು ಪುಟ್ಟಿ. ಕೀ ಚಪ್ಪಲಿ ಸ್ಟ್ಯಾಂಡ್ ಮೇಲೆ ಇಟ್ಟು ಬಾಗಿಲು ಎಳ್ಕೊಂಡು ಹೋಗು. ನಮ್ಮ ನಮ್ಮಲ್ಲಿ ಎಂಥ ಪೇಪರ್ರು."

ಅಲ್ಲಿ ಬಾಗಿಲು ಎಳೆದ್ರೆ ಮುಗೀತು, ಕೀ ಇಲ್ಲದೆ ಹೊರಗಿಂದ ತೆಗೆಯೋಕಾಗಲ್ಲ. ಕೀ ಒಳಗೆ, ಹುಡುಗಿ ಹೊರಗೆ, ಸಹಿ ಇಲ್ಲ.

ಟ್ರೈನಲ್ಲಿ ಇದ್ದಾಗ ಅವನಿಂದ ಮೆಸೇಜ್ ಬಂತು: "ಕೀ ಮೂರೂ ಸಿಕ್ತು, ರೂಮ್ ನೀಟಾಗಿದೆ, ಆರಾಮಾಗಿ ಹೋಗು." ಓದಿ ಸಮಾಧಾನ ಆಗಿದೆ. ಬೆಂಗಳೂರಲ್ಲಿ ಇಳಿದು ಫೋನ್ ಆನ್ ಮಾಡೋ ಹೊತ್ತಿಗೆ ಆ ಮೆಸೇಜೇ ಇಲ್ಲ. ಅಳಿಸಿಹಾಕಿದ್ದ. ಅದರ ಕೆಳಗೆ ಒಂದು ಫೋಟೊ, ಹೀಟರ್ ಮೇಲಿನ ಗೋಡೆಯಲ್ಲಿ ಕಪ್ಪು ಕಲೆ, ಜೊತೆಗೆ "ಇದೇನಿದು? ಪೇಂಟ್ ಮಾಡಿಸಬೇಕಾಗುತ್ತೆ" ಅಂತ ಒಂದು ಸಾಲು. ಪುಟ್ಟಿ ಅನ್ನೋದೂ ಹೋಗಿತ್ತು.

ಆ ಫೋಟೊ ದೊಡ್ಡದು ಮಾಡಿ ನೋಡಿದ್ವಿ. ಎಡಗಡೆ ಮೂಲೆಯಲ್ಲಿ ಒಂದು ನೀಲಿ ಸೂಟ್‌ಕೇಸ್, ಅದರ ಹಿಡಿಗೆ ಏರ್‌ಲೈನ್ಸ್‌ನ ಬಿಳಿ ಪಟ್ಟಿ ಇನ್ನೂ ಅಂಟಿಕೊಂಡೇ ಇದೆ. ಪಕ್ಕದಲ್ಲಿ ಪ್ರೆಷರ್ ಕುಕ್ಕರ್ ಡಬ್ಬ. ನಮ್ಮ ಹುಡುಗಿದಲ್ಲ. ಅಂದ್ರೆ ಇವಳು ವಿಮಾನದಲ್ಲಿ ಇರೋವಾಗಲೇ ಇನ್ನೊಂದು ಮಗು ಆ ರೂಮಿಗೆ ಬಂದಾಗಿದೆ. ಇನ್ನೊಂದು 1,200 ಅವನ ಅಕೌಂಟಿಗೆ ಬಿದ್ದಿರಬೇಕು. ಪೇಂಟ್ ಎಲ್ಲಿ ಮಾಡಿಸ್ತಾನೆ? ಆಮೇಲೆ ಅವಳು ರೂಮಿಗೆ ಬಂದ ಹೊಸದರಲ್ಲಿ ಅಮ್ಮನಿಗೆ ತೋರಿಸೋಕೆ ಕಳಿಸಿದ್ದ ಫೋಟೊ ಹುಡುಕಿದ್ವಿ. ಅದೇ ಕಲೆ, ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇದೆ. ಎರಡೂ ಫೋಟೊ ಜೊತೆಗಿಟ್ಟು ಕಳಿಸಿದ್ವಿ. ಉತ್ತರ: "ಫೋಟೊ ಯಾರು ಬೇಕಾದ್ರೂ ಎಡಿಟ್ ಮಾಡಬಹುದು."

ಕೇಳಿ ಕೇಳಿ ಕೊನೆಗೆ ಒಂದು ಲೆಕ್ಕ ಕಳಿಸಿದ. ಪೇಂಟಿಂಗ್ 350, ಕ್ಲೀನಿಂಗ್ 120, ಬೀಗದ ಸಿಲಿಂಡರ್ 180, ಹೀಟಿಂಗ್ ಮತ್ತು ನೀರು 200, ಇಂಡಿಯಾಗೆ ಹಣ ಕಳಿಸೋ ಖರ್ಚು 40. ಒಟ್ಟು 890. ಉಳಿದ 310 "ಸಂಬಳ ಆದ ಮೇಲೆ" ಹಾಕ್ತೀನಿ ಅಂದ. ಸಂಬಳ ಆದ ಮೇಲೆ! ಅಡ್ವಾನ್ಸನ್ನ ತನ್ನ ಹಣದ ಜೊತೆ ಬೆರೆಸದೆ ಬೇರೆ ಅಕೌಂಟಲ್ಲಿ ಇಡಬೇಕು, ಬಡ್ಡಿನೂ ಬಾಡಿಗೆದಾರರಿಗೇ ಸೇರಬೇಕು ಅಂತ ಅಲ್ಲಿಯ ಕಾನೂನು. ಬಡ್ಡಿ ವಿಷಯದಲ್ಲಿ ವಿನಾಯಿತಿ ಇರೋದು ವಿದ್ಯಾರ್ಥಿ ಹಾಸ್ಟೆಲ್‌ಗಳಿಗೆ. ಇವನ ಸಂಬಳಕ್ಕೂ ನಮ್ಮ ಅಡ್ವಾನ್ಸಿಗೂ ಏನು ಸಂಬಂಧ?

ಒಂದೊಂದಾಗಿ ಹೇಳ್ತೀನಿ, ಯಾಕಂದ್ರೆ ಎಲ್ಲರಿಗೂ ಇದೇ ಪಟ್ಟಿ ಬರೋದು.

ಪೇಂಟಿಂಗ್. ದಿನಾ ಬಳಸಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆ ಅಲ್ಲ. ಒಂದೆರಡು ಮೊಳೆ ತೂತು, ಮಾಸಿದ ಬಣ್ಣ ಎಲ್ಲಾ ಸವೆತದ ಲೆಕ್ಕಕ್ಕೇ ಬರುತ್ತೆ. ಬರೋವಾಗ ಹೊಸ ಬಣ್ಣ ಇಲ್ಲದ ರೂಮು ಕೊಟ್ಟು, ಅದಕ್ಕೆ ತಕ್ಕ ಪರಿಹಾರನೂ ಕೊಡದೆ, ಹೋಗುವಾಗ ಬಣ್ಣ ಮಾಡಿಸು ಅಂತ ಅಗ್ರಿಮೆಂಟಲ್ಲಿ ಬರೆದಿದ್ರೂ ಅದು ನಡೆಯಲ್ಲ ಅಂತ ಜರ್ಮನಿಯ ಫೆಡರಲ್ ಕೋರ್ಟ್ 2015ರಲ್ಲೇ ಹೇಳಿದೆ. ಗೋಡೆಗೆ ಕಡುಕೆಂಪು ಬಳಿದು ಹಾಗೇ ಬಿಟ್ಟು ಬಂದ್ರೆ ಬೇರೆ ಮಾತು.

ಬೀಗ. ಕೀ ಕಳೆದಿದ್ರೆ ತಾನೇ ಸಿಲಿಂಡರ್ ಬದಲಾಯಿಸೋದು? ಕೆಳಗಿನ ಬಾಗಿಲಿಂದು, ಫ್ಲಾಟಿಂದು, ಟಪಾಲ್ ಡಬ್ಬದ್ದು, ಮೂರೂ ಇಟ್ಟು ಬಂದಿದ್ದಾಳೆ. ಮೂರೂ ಸಿಕ್ತು ಅಂತ ಅವನೇ ಬರೆದು ಅವನೇ ಅಳಿಸಿದ. ಆಮೇಲೆ "ಟಪಾಲ್ ಕೀ ಇರಲಿಲ್ಲ" ಅಂದ. ಟಪಾಲ್ ಡಬ್ಬದ ಬೀಗಕ್ಕೆ 180 ಯೂರೋ ಅಂತೆ.

ಹೀಟಿಂಗ್, ನೀರು. ಇದನ್ನ ಗಮನ ಕೊಟ್ಟು ಓದಿ. ನೇಬೆನ್‌ಕೋಸ್ಟೆನ್, ಅಂದ್ರೆ ಬಾಡಿಗೆ ಬಿಟ್ಟು ಮಿಕ್ಕ ಖರ್ಚಿಗೆ ಕಟ್ಟೋದು, ಎರಡು ತರ. ಮುಂಗಡ ಅಂತ ಬರೆದಿದ್ರೆ ವರ್ಷದ ಕೊನೆಗೆ ಲೆಕ್ಕ ಮಾಡಿ ಜಾಸ್ತಿ ಆದದ್ದು ಕೇಳಬಹುದು, ಅದಕ್ಕಾಗಿ ಅಡ್ವಾನ್ಸಲ್ಲಿ ಸ್ವಲ್ಪ ಹಿಡಿದು ಇಟ್ಕೊಳ್ಳಲೂಬಹುದು, ಅದು ನ್ಯಾಯ. ಪೌಶಾಲೆ ಅಂತ ಬರೆದಿದ್ರೆ ತಿಂಗಳಿಗೆ ಇಷ್ಟು ಅಂತ ಫಿಕ್ಸ್, ಆಮೇಲೆ ಲೆಕ್ಕ ಇಲ್ಲ, ಬಾಕಿ ಇಲ್ಲ. ಇವಳ ಅಗ್ರಿಮೆಂಟಲ್ಲಿ 80 ಯೂರೋ ಪಕ್ಕದಲ್ಲಿ ಪೌಶಾಲೆ ಅಂತ ಟೈಪ್ ಮಾಡಿದೆ. ಅವನೇ ಮಾಡಿಸಿದ ಅಗ್ರಿಮೆಂಟು. ತೋರಿಸಿದ್ರೆ "ಅದು ಟೆಂಪ್ಲೇಟಲ್ಲಿ ಇತ್ತು" ಅಂತಾನೆ.

ಕ್ಲೀನಿಂಗ್ ಬಗ್ಗೆ ಏನು ಹೇಳಲಿ, ಅವಳು ಓವನ್ ಒಳಗಡೆವರೆಗೂ ಉಜ್ಜಿ ಬಂದಿದ್ದಾಳೆ. ಹಣ ಕಳಿಸೋಕೆ 40 ಅನ್ನೋದೂ ಸುಳ್ಳು. ಅವಳ ಜರ್ಮನ್ ಅಕೌಂಟ್ ಇನ್ನೂ ಓಪನ್ ಇದೆ, ಅದಕ್ಕೆ ಹಾಕು ಅಂದ್ರೆ ಮೆಸೇಜ್ ನೋಡಿ ಸುಮ್ಮನಾಗ್ತಾನೆ.

ಅವಳ ಅಮ್ಮ ಒಂದು ರಾತ್ರಿ ಫೋನ್ ಮಾಡಿದ್ರು. "ಅಯ್ಯೋ ಆಂಟಿ, ನನ್ ಮೇಲೆ ನಂಬಿಕೆ ಇಲ್ವಾ? ನಿಮ್ಮ ಮಗಳು ನನ್ ತಂಗಿ ಇದ್ದ ಹಾಗೆ" ಅಂದ. ಹಾಗಾದ್ರೆ ಹಾಕಪ್ಪ ಅಂದ್ರು. "ಆಂಟಿ, ಇಲ್ಲಿ ರೂಲ್ಸ್ ನಿಮಗೆ ಗೊತ್ತಾಗಲ್ಲ" ಅಂದ. ರೂಲ್ಸ್ ಗೊತ್ತಾಗಲ್ಲ! ಆಮೇಲೆ ಅವರ ನಂಬರ್ ಬ್ಲಾಕ್. ಚಿಕ್ಕಪ್ಪ ಅರಸೀಕೆರೆ ಕಡೆ ಇರೋ ಅವನ ಅಪ್ಪ-ಅಮ್ಮನ ಮನೆಗೇ ಹೋದ್ರು. ಕಾಫಿ ಕೊಟ್ರು, ಚೆನ್ನಾಗೇ ಮಾತಾಡಿಸಿದ್ರು. ವಿಷಯ ಎತ್ತಿದ ತಕ್ಷಣ "ಮಕ್ಕಳ ವ್ಯವಹಾರ ನಮಗೆ ಗೊತ್ತಾಗಲ್ಲ ಸ್ವಾಮಿ, ಅವರವರೇ ಬಗೆಹರಿಸ್ಕೊಳ್ಳಲಿ" ಅಂತ ಎದ್ದು ನಿಂತ್ರು. ಚಿಕ್ಕಪ್ಪ ವಾಪಸ್ ಬಂದು ಯಾರ ಹತ್ರನೂ ಮಾತಾಡಲಿಲ್ಲ. ದುಡ್ಡು ಕೇಳೋಕೆ ಹೋದವರೇ ತಪ್ಪು ಮಾಡಿದ ಹಾಗೆ ತಲೆ ತಗ್ಗಿಸಿ ಬರಬೇಕಾಯ್ತು.

ಅಡ್ವಾನ್ಸ್ ಮನೆ ಬಿಟ್ಟ ದಿನವೇ ಕೈಗೆ ಬರುತ್ತೆ ಅಂತ ಯಾರೂ ಅಂದ್ಕೋಬೇಡಿ, ಅಲ್ಲಿ ಮೂರರಿಂದ ಆರು ತಿಂಗಳು ಹಿಡಿಯೋದು ಸಾಮಾನ್ಯ. ಅದಕ್ಕೇ ಜರ್ಮನ್ ಬ್ಯಾಂಕ್ ಅಕೌಂಟನ್ನ ಕೊನೇ ವಾರ ಮುಚ್ಚಬೇಡಿ. ಬ್ಯಾಂಕಿನ ಕೋಡು ಆ ಸಿಮ್‌ಗೆ ಬರೋದಾಗಿದ್ರೆ ಸಿಮ್ ಕ್ಯಾನ್ಸಲ್ ಮಾಡೋ ಮುಂಚೆ ಆ್ಯಪ್‌ಗೆ ಬದಲಾಯಿಸಿಕೊಳ್ಳಿ, ಇಲ್ಲಾಂದ್ರೆ ಹಾಸನದಲ್ಲಿ ಕೂತು ಅಕೌಂಟ್ ತೆಗೆಯೋಕಾಗಲ್ಲ. ಮನೆ ಬಿಡೋ ನೋಟಿಸ್ ಸಾಮಾನ್ಯವಾಗಿ ಮೂರು ತಿಂಗಳಿಂದು. ತಿಂಗಳ ಮೂರನೇ ಕೆಲಸದ ದಿನದೊಳಗೆ ತಲುಪಬೇಕು, ಕಾಗದದ ಮೇಲೆ ಕೈಯಾರೆ ಸಹಿ ಹಾಕಿರಬೇಕು. ವಾಟ್ಸಾಪಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಮನೆ ಒಪ್ಪಿಸೋದನ್ನ ವಿಮಾನದ ದಿನ ಇಟ್ಕೊಳ್ಳಲೇಬೇಡಿ. ಎರಡು ಮೂರು ದಿನ ಮುಂಚೆ ಮುಗಿಸಿ, ಮಿಕ್ಕ ರಾತ್ರಿ ಸ್ನೇಹಿತರ ರೂಮಲ್ಲಿ ಮಲಗಿ. ಅವನು ಬರದಿದ್ರೆ ಅಲ್ಲೇ ಇರೋ ಇಬ್ಬರು ಸಾಕ್ಷಿಗಳ ಮುಂದೆ ಮೀಟರ್, ಗೋಡೆ, ಕೀ ಎಲ್ಲಾ ವೀಡಿಯೊ ಮಾಡಿ, ಫಾರಂ ತುಂಬಿ ಅವರ ಸಹಿ ಹಾಕಿಸಿ. ಕೀನ ನಿಮ್ಮ ಸ್ನೇಹಿತರ ಕೈಲಿ ಬಿಟ್ಟು, ರಸೀದಿ ಬರೆಸಿಕೊಂಡೇ ಅವನಿಗೆ ಕೊಡೋಕೆ ಹೇಳಿ. ಚಪ್ಪಲಿ ಸ್ಟ್ಯಾಂಡ್ ಮೇಲೆ ಇಡಬೇಡಿ. ಬಂದ ಪ್ರತಿ ಮೆಸೇಜೂ ಬಂದ ನಿಮಿಷದಲ್ಲೇ ಸ್ಕ್ರೀನ್‌ಶಾಟ್ ತೆಗೀರಿ. ಕಾಲೇಜಿಂದ ಹೆಸರು ತೆಗೆಸೋ ಮುಂಚೆ ವಿದ್ಯಾರ್ಥಿ ಸಂಘದಲ್ಲಿ ಕಾನೂನು ಸಲಹೆ ಸಿಗುತ್ತಾ ಕೇಳಿ. ಎಷ್ಟೋ ಕಡೆ ಉಚಿತವಾಗಿ ಕೊಡ್ತಾರೆ, ಹೆಸರು ತೆಗೆಸಿದ ಮೇಲೆ ನೀವು ವಿದ್ಯಾರ್ಥಿ ಅಲ್ಲ.

ಈಗಾಗಲೇ ಮೋಸ ಹೋಗಿ ಊರಿಗೆ ಬಂದವರು ಕೈ ಚೆಲ್ಲಬೇಡಿ. ಹದಿನಾಲ್ಕು ದಿನದ ಗಡುವು ಕೊಟ್ಟು, ಅಕೌಂಟ್ ನಂಬರ್ ಬರೆದು, ಲಿಖಿತವಾಗಿ ಕೇಳಿ. ತಲುಪಿದ್ದಕ್ಕೆ ದಾಖಲೆ ಇರಲಿ. ಆಮೇಲೂ ಕೊಡದಿದ್ರೆ ಮಾನ್‌ಬೆಶೈಡ್ ಅಂತ ಇದೆ, ಕೋರ್ಟಿಂದ ಹೋಗೋ ಹಣ ಪಾವತಿ ಆದೇಶ. ಅರ್ಜಿದಾರರು ಜರ್ಮನಿಯಲ್ಲಿ ವಾಸ ಇಲ್ಲದಿದ್ರೆ ಅದನ್ನ ಬರ್ಲಿನ್ನಿನ ವೆಡ್ಡಿಂಗ್ ಕೋರ್ಟಿಗೆ ಹಾಕಬೇಕು, ಬೇರೆ ಊರಿನ ಕೋರ್ಟಿಗೆ ಅಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಎದುರಿನವನು ಎರಡು ವಾರದಲ್ಲಿ ಆಕ್ಷೇಪಣೆ ಹಾಕಿದ್ರೆ ಮಾಮೂಲಿ ಕೇಸ್ ಆಗುತ್ತೆ. ಹಣ ಕೇಳೋ ಹಕ್ಕು, ಹಣ ಕೊಡಬೇಕಾದ ವರ್ಷ ಮುಗಿದ ಮೇಲೆ ಇನ್ನೂ ಮೂರು ವರ್ಷ ಇರುತ್ತೆ. ನಾವು ಗಡುವಿನ ಕಾಗದ ಕಳಿಸಿದ್ದೀವಿ. ಅದಕ್ಕೆ ಬಂದ ಉತ್ತರ: "ಅಂಕಲ್‌ಗೆ ಹೇಳಿ, ಇದೆಲ್ಲಾ ಮಾಡಿದ್ರೆ ಊರಲ್ಲಿ ಮುಖ ನೋಡೋಕಾಗಲ್ಲ." ವೆಡ್ಡಿಂಗ್ ಅರ್ಜಿ ತುಂಬ್ತಾ ಇದ್ದೀವಿ.

ಅಕ್ಟೋಬರ್ ಸೆಮಿಸ್ಟರಿಗೆ ಹೊರಟಿರೋ ಮಕ್ಕಳೇ, "ನಮ್ಮ ಹಾಸನದ ಅಣ್ಣ ಒಬ್ಬರು ರೂಮ್ ಕೊಡ್ತಾರೆ" ಅಂತ ಯಾರಾದ್ರೂ ಹೇಳಿದ್ರೆ ಮೊದಲು ಮೂರು ಕೇಳಿ: ಒಳಬಾಡಿಗೆಗೆ ಮಾಲೀಕರು ಕೊಟ್ಟ ಒಪ್ಪಿಗೆ ಕಾಗದ, ಕಾಲ್ಟ್‌ಮೀಟೆ ಬೇರೆಯಾಗಿ ಬರೆದಿರೋ ಅಗ್ರಿಮೆಂಟು, ರೂಮಿಗೆ ಕಾಲಿಡೋ ದಿನವೇ ಇಬ್ಬರ ಸಹಿ ಇರೋ ಪ್ರೊಟೊಕೋಲ್. "ನಮ್ಮ ನಮ್ಮಲ್ಲಿ ಎಂಥ ಪೇಪರ್ರು" ಅಂದ್ರೆ ಅಲ್ಲಿಗೇ ಫೋನ್ ಇಡಿ, ಅಡ್ವಾನ್ಸ್ ಹಾಕಬೇಡಿ.