ಪರದೆ ಮೇಲೆ 33, ಟೈರಿನೊಳಗೆ 29: ಹವಾ ಹೊಡೆಯುವ ಮಷೀನ್ ಕೊಳ್ಳುವ ಮುಂಚೆ

ಡಬ್ಬಿಯ ಮೇಲೆ ‘150 ಪಿಎಸ್‌ಐ, ನಿಮಿಷಕ್ಕೆ 35 ಲೀಟರ್’ ಅಂತ ದೊಡ್ಡ ಅಕ್ಷರ. ಪಿಎಸ್‌ಐ ಅಂದರೆ ಹವಾದ ಒತ್ತಡದ ಅಳತೆ. ಹುಬ್ಬಳ್ಳಿಯ ಮನೆಯೊಂದಕ್ಕೆ ಬಂದ ಇಂಥ ಬ್ಯಾಟರಿ ಮಷೀನ್ ಎರಡೇ ತಿಂಗಳಲ್ಲಿ ಮೂಲೆ ಸೇರಿತು. ಕಂಪನಿ ಹೆಸರು ಇಲ್ಲಿ ಬೇಡ. ಏನು ಕೆಟ್ಟಿತು, ಯಾಕೆ ಕೆಟ್ಟಿತು ಅನ್ನೋದಷ್ಟೇ ಕೊಳ್ಳುವವರಿಗೆ ಬೇಕು.

ಮೊದಲು ಸುಳ್ಳು ಹೇಳಿದ್ದು ಪರದೆ. 165/80 ಆರ್14 ಟೈರು, ಶುರುವಿನಲ್ಲಿ ಪರದೆ ಮೇಲೆ 25. 33ಕ್ಕೆ ಸೆಟ್ ಮಾಡಿ ಬಟನ್ ಒತ್ತಿದರೆ ನಾಲ್ಕು ನಿಮಿಷಕ್ಕೆ 33.0 ತೋರಿಸಿ ತಾನೇ ನಿಂತಿತು. ಹತ್ತು ಸೆಕೆಂಡಿನಲ್ಲಿ ಅದೇ ಅಂಕಿ 31ಕ್ಕೆ ಇಳಿಯಿತು. ಡಯಲ್ ಗೇಜ್ ಹಚ್ಚಿ ನೋಡಿದರೆ 29, ಇನ್ನೊಂದು ಗೇಜಿನಲ್ಲೂ 29. ಇಲ್ಲಿ ತಪ್ಪು ಎರಡು. ಸೆನ್ಸರ್ ಇರುವುದು ಮಷೀನಿನ ಒಳಗೆ, ಪೈಪಿನ ಆ ಕಡೆ. ಮೋಟಾರು ತಿರುಗುತ್ತಿರುವಾಗ ಅಲ್ಲಿನ ಒತ್ತಡ ಟೈರಿನದಕ್ಕಿಂತ ಯಾವಾಗಲೂ ಹೆಚ್ಚು. ಅದನ್ನು ಲೆಕ್ಕಕ್ಕೆ ಹಿಡಿಯದ ಮಷೀನ್ ಬೇಗ ನಿಂತುಬಿಡುತ್ತದೆ. ಉಳಿದ 2 ಪಿಎಸ್‌ಐ ಸೆನ್ಸರಿನದೇ ದೋಷ. ದಶಾಂಶದ ಅಂಕಿ ಕಂಡ ಮಾತ್ರಕ್ಕೆ ಅಳತೆ ನಿಖರ ಅಂದುಕೊಳ್ಳಬೇಡಿ. ಹೀಗೆ ಸದಾ 4 ಪಿಎಸ್‌ಐ ಕಡಿಮೆ ಓಡಿದ ಟೈರು ಎರಡೂ ಅಂಚಿನಲ್ಲಿ ಸವೆಯುತ್ತದೆ, ಏಪ್ರಿಲ್ ಬಿಸಿಲಲ್ಲಿ ಹಾವೇರಿ ಕಡೆ ಹೈವೇ ಹಿಡಿದರೆ ವಿಪರೀತ ಕಾಯುತ್ತದೆ.

ಇನ್ನು 35 ಲೀಟರಿನ ಮಾತು. ಈ ಅಳತೆಯ ಟೈರಿನೊಳಗೆ ಸುಮಾರು 28 ಲೀಟರ್ ಜಾಗ. ಪರದೆ 2 ಪಿಎಸ್‌ಐ ಹೆಚ್ಚು ತೋರಿಸುತ್ತಿದ್ದುದರಿಂದ ಶುರುವಿನ 25 ಅಂದರೆ ಖರೆ ಲೆಕ್ಕದಲ್ಲಿ 23; ಅಲ್ಲಿಂದ 29ಕ್ಕೆ ಏರಿಸಲು ಬೇಕಾದ ಹೊರಗಿನ ಗಾಳಿ ಹನ್ನೊಂದೂವರೆ ಲೀಟರ್. ಅದಕ್ಕೆ ನಾಲ್ಕು ನಿಮಿಷ ಹಿಡಿದರೆ ನಿಮಿಷಕ್ಕೆ ಮೂರು ಲೀಟರೂ ಆಗಲಿಲ್ಲ! ಡಬ್ಬಿಯ ಅಂಕಿ ಪೈಪಿನ ತುದಿ ಬಯಲಿಗಿದ್ದಾಗಿನದು, ಎದುರು ಒತ್ತಡ ಇಲ್ಲದಾಗಿನದು. 150 ಪಿಎಸ್‌ಐ ಕಾರಿನವರಿಗೆ ಏನೂ ಉಪಯೋಗವಿಲ್ಲ. 25ರಿಂದ 33ಕ್ಕೆ ಎಷ್ಟು ನಿಮಿಷ ಅಂತ ಕೇಳಿ.

ಕೊನೆಗೆ ಮಷೀನ್ ಸತ್ತದ್ದು ಮಧ್ಯಾಹ್ನದ ಬಿಸಿಲಲ್ಲಿ, ಮೂರನೇ ಗಾಲಿಗೆ. ಸುಟ್ಟ ವಾಸನೆ ಬಂತು, ಮೋಟಾರು ತಿರುಗುತ್ತಿದ್ದರೂ ಹವಾ ಬರಲಿಲ್ಲ. ಬಿಚ್ಚಿದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಕರಗಿ ಬೋಳಾಗಿದ್ದವು. ಕೈಪಿಡಿಯ ಸಣ್ಣ ಅಕ್ಷರದಲ್ಲಿ ‘5 ನಿಮಿಷ ಓಡಿಸಿ, 10 ನಿಮಿಷ ಬಿಡಿ’ ಅಂತಿತ್ತು. ವಾರಂಟಿ ಕೇಳಿದಾಗ ತೋರಿಸಿದ್ದೂ ಅದೇ ಸಾಲು. ಕನಿಷ್ಠ 15 ನಿಮಿಷ ಸತತ ಓಡುತ್ತದೆಂದು ಬರೆದಿರುವ, ಲೋಹದ ಗೇರು ಮತ್ತು ಸಿಲಿಂಡರಿನ ಮಷೀನಿಗೇ ರೊಕ್ಕ ಹಾಕಿ. ಪೈಪಿನ ಹಿತ್ತಾಳೆ ತುದಿ ಕೈ ಸುಡುವಷ್ಟು ಕಾಯುತ್ತದೆ, ಬಟ್ಟೆ ಹಿಡಿದು ಬಿಚ್ಚಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಲಿಥಿಯಂ ಬ್ಯಾಟರಿಯ ಮಷೀನ್ ಇಡಬೇಡಿ, ಕಾದಿರುವಾಗ ಚಾರ್ಜಿಗೂ ಹಚ್ಚಬೇಡಿ.

ಕಾರಿನ ಸಾಕೆಟ್ಟಿಗೆ ಚುಚ್ಚುವ 12 ವೋಲ್ಟಿನದನ್ನು ತರುವುದಾದರೆ ಮೊದಲು ಫ್ಯೂಸ್ ನೋಡಿ. 10 ಆಂಪಿನದಾದರೆ 120 ವ್ಯಾಟ್ ದಾಟುವಂತಿಲ್ಲ, 15ರದಾದರೆ 180. ಎಂಜಿನ್ ಚಾಲೂ ಇಟ್ಟೇ ಓಡಿಸಿ, ಆದರೆ ಮುಚ್ಚಿದ ಶೆಡ್ಡಿನಲ್ಲಿ ಬೇಡ.

ಮಷೀನ್ ಮನೆಗೆ ಬಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಪರೀಕ್ಷೆ ಮಾಡಿ. ಯಾವುದಕ್ಕೂ ಹಚ್ಚದೆ ಆನ್ ಮಾಡಿದರೆ 0 ತೋರಿಸಬೇಕು. ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ, ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡಕ್ಕೆ ಸೆಟ್ ಮಾಡಿ ತುಂಬಿಸಿ. ನಿಂತಮೇಲೆ ಹತ್ತು ಸೆಕೆಂಡು ಕಾಯಿರಿ, ಆಮೇಲೆ ಬೇರೆ ಗೇಜಿನಿಂದ ಅಳೆಯಿರಿ. 1 ಪಿಎಸ್‌ಐ ವ್ಯತ್ಯಾಸ ನಡೆಯುತ್ತದೆ, ತಿರುಪಿನ ತುದಿ ಬಿಚ್ಚುವಾಗ ಅಷ್ಟು ಸೋರಿಯೇ ಹೋಗುತ್ತದೆ. 3 ಇದ್ದರೆ ಡಬ್ಬಿಗೆ ಹಾಕಿ ಕಳಿಸಿ. ಅಳತೆಯ ಮಾನ ಬಾರ್ ಅಥವಾ ಕೆಪಿಎಗೆ ಬದಲಾಗಿಲ್ಲ ಅನ್ನೋದನ್ನೂ ನೋಡಿ: 33 ಪಿಎಸ್‌ಐ ಅಂದರೆ 2.3 ಬಾರ್, ಹತ್ತಿರ ಹತ್ತಿರ 230 ಕೆಪಿಎ.

ಒಂದೇ ಗಾಲಿ ವಾರ ವಾರ 3–4 ಪಿಎಸ್‌ಐ ಇಳಿಯುತ್ತಿದ್ದರೆ ಮಾತ್ರ ಮಷೀನಿಗೆ ಬೈಯಬೇಡಿ. ಗದಗ ಕಡೆಯ ಹೊಲದ ದಾರಿಯಲ್ಲಿ ಓಡಾಡುವ ಗಾಡಿಗೆ ಜಾಲಿ ಮುಳ್ಳು ಮುರಿದು ಕೂತಿರುತ್ತದೆ. ಸೋಪಿನ ನೀರು ಸುರಿದು ಗುಳ್ಳೆ ಎಲ್ಲಿ ಏಳುತ್ತದೆ ನೋಡಿ, ವಾಲ್ವಿನ ಬಾಯಿಗೂ ಎರಡು ಹನಿ ಬಿಡಿ.