ಆಟಿಯ ತೇವಕ್ಕೆ ಡಿಹ್ಯುಮಿಡಿಫೈಯರೋ, ಪ್ಯೂರಿಫೈಯರೋ?

ಮಂಗಳೂರಿನ ಮಳೆಗಾಲದಲ್ಲಿ ಮನೆಯೊಳಗಿನ ಗಾಳಿಗೆಂದು ಹಣ ಹಾಕುವುದಿದ್ದರೆ ಗಾಳಿಯ ತೇವವನ್ನು ಎಳೆದು ನೀರಾಗಿ ತೊಟ್ಟಿಗೆ ಇಳಿಸುವ ಡಿಹ್ಯುಮಿಡಿಫೈಯರಿಗೆ ಹಾಕಿ. ನಮ್ಮಲ್ಲಿ ಗಾಳಿ ಸೋಸುವ ಪ್ಯೂರಿಫೈಯರೂ ಇದೆ. ಕಪಾಟಿನಲ್ಲಿಡುವ ತೇವ ಹೀರುವ ಡಬ್ಬಿಗಳನ್ನೂ ಬಳಸಿ ನೋಡಿದ್ದೇನೆ.

ಅಮ್ಮನಿಗೆ ಹಳೆಯ ದಮ್ಮು. ಜೂನ್ ಕಳೆಯುತ್ತಿದ್ದಂತೆ ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕಿಗಳು ಏಳುತ್ತಿದ್ದವು, ರೇಷ್ಮೆ ಸೀರೆಯ ಮಡಿಕೆಗೆ ಬಿಳಿ ಬೂಷ್ಟು ಹತ್ತುತ್ತಿತ್ತು, ಹಿಂದೆಯೇ ಅವರ ರಾತ್ರಿಯ ಕೆಮ್ಮು ಶುರುವಾಗುತ್ತಿತ್ತು. ಅಂಗಡಿಯವರ ಮಾತಿನಂತೆ ಮೊದಲು ಬಂದದ್ದು ಪ್ಯೂರಿಫೈಯರ್. ಅದರ ಹೆಪಾ ಫಿಲ್ಟರ್ 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ ಎಂಬುದು ನಿಜ. ಬೂಷ್ಟಿನ ಬೀಜಕಣಗಳು ಅದಕ್ಕಿಂತ ದೊಡ್ಡವು, ತೇಲುತ್ತಿರುವವು ಸಿಕ್ಕಿಬೀಳುತ್ತವೆ. ಆದರೆ ಗೋಡೆ ಒದ್ದೆಯಾಗಿರುವಷ್ಟು ಕಾಲ ಹೊಸವು ಹುಟ್ಟುತ್ತಲೇ ಇರುತ್ತವೆ. ಹಾಸಿಗೆಯಲ್ಲಿ ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ದೂಳುಹುಳಗಳ ವಿಷಯದಲ್ಲಂತೂ ಅದರ ಉಪಯೋಗ ಕಡಿಮೆ. ಅಲರ್ಜಿ ತರುವ ಅವುಗಳ ಹಿಕ್ಕೆ ಭಾರವಾದದ್ದು. ಹಾಸಿಗೆ ಕೊಡವಿದಾಗ ಎದ್ದು ಬೇಗನೆ ಕೆಳಗೆ ಕೂರುತ್ತದೆ, ಮೂಲೆಯ ಯಂತ್ರದವರೆಗೆ ಬರುವುದು ಅಪರೂಪ.

ಬೂಷ್ಟು, ದೂಳುಹುಳ ಎರಡಕ್ಕೂ ತೇವವೇ ಜೀವ. ಸಾಪೇಕ್ಷ ಆರ್ದ್ರತೆ, ಎಂದರೆ ಗಾಳಿ ಹಿಡಿಯಬಲ್ಲಷ್ಟು ತೇವದಲ್ಲಿ ಈಗ ಇರುವ ಪಾಲು, ಶೇ. 60ರ ಕೆಳಗಿದ್ದರೆ ಬೂಷ್ಟು ಹಬ್ಬುವುದು ಕಷ್ಟ. ದೂಳುಹುಳಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಹೀರುತ್ತವೆ. ಆರ್ದ್ರತೆ ಬಹುಕಾಲ 50ರ ಕೆಳಗಿದ್ದರೆ ಒಣಗಿ ಸಾಯುತ್ತವೆ. ತುಳುವರ ಆಟಿ ತಿಂಗಳಲ್ಲಿ, ಎಂದರೆ ಜುಲೈ-ಆಗಸ್ಟಿನಲ್ಲಿ, ನಮ್ಮ ಕೋಣೆಯ ಮಾಪಕ 88 ತೋರಿಸುತ್ತಿತ್ತು. ಡಿಹ್ಯುಮಿಡಿಫೈಯರ್ ಹಾಕಿ ಕಿಟಕಿ ಮುಚ್ಚಿದರೆ 55ರ ಆಸುಪಾಸಿಗೆ ಇಳಿಯುತ್ತದೆ. ಹಾಸಿಗೆಯ ಜಿಗುಟು ಹೋಗಿದೆ, ಅಮ್ಮನಿಗೆ ನಿದ್ದೆ ಬರುತ್ತಿದೆ. ಇನ್‌ಹೇಲರ್ ವೈದ್ಯರು ಹೇಳಿದಂತೆ ಮುಂದುವರಿದಿದೆ.

ರಗಳೆ ಇರುವುದು ನೀರಿನದು. ತೊಟ್ಟಿ ನಡುರಾತ್ರಿಗೇ ತುಂಬುತ್ತದೆ. ತುಂಬಿದೊಡನೆ ಯಂತ್ರ ಕೀಂಕೀಂ ಎಂದು ಕೂಗಿ ನಿಂತುಬಿಡುತ್ತದೆ. ಯಾರಾದರೂ ಎದ್ದು ಚೆಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಕೋಣೆ ಮತ್ತೆ ತೇವ.

ಹಿಂಬದಿಯಲ್ಲಿ ಪೈಪು ಸಿಕ್ಕಿಸುವ ತೂತು ಇದೆ. ಆದರೆ ಅದು ನೆಲಕ್ಕೆ ಹತ್ತಿರ, ಒಳಗೆ ಪಂಪಿಲ್ಲ. ನೀರು ಇಳಿಜಾರಿದ್ದರಷ್ಟೇ ಹರಿಯುತ್ತದೆ. ನಮ್ಮ ಬಚ್ಚಲುಮನೆಯ ಹೊಸ್ತಿಲು ಅದಕ್ಕಿಂತ ಎತ್ತರ. ಕೊನೆಗೆ ಬಡಗಿಯಿಂದ ಗಟ್ಟಿ ಪೀಠ ಮಾಡಿಸಿ ಯಂತ್ರವನ್ನು ಅದರ ಮೇಲೆ ಕೂರಿಸಿದೆವು. ಪೈಪು ನಡುವೆ ಜೋತುಬಿದ್ದಲ್ಲಿ ನೀರು ನಿಂತು ಲೋಳೆ ಕಟ್ಟುತ್ತಿತ್ತು. ಅದನ್ನು ಬಿಗಿಯಾಗಿ ಎಳೆದು ಕಟ್ಟಬೇಕಾಯಿತು. ಕೊಳ್ಳುವ ಮೊದಲು ಆ ತೂತಿನ ಎತ್ತರ, ನಿಮ್ಮ ಹೊಸ್ತಿಲಿನ ಎತ್ತರ ಎರಡನ್ನೂ ಅಳೆದುಕೊಳ್ಳಿ.

ಯಂತ್ರ ಬಿಸಿಗಾಳಿ ಬಿಡುತ್ತದೆ, ಫ್ಯಾನ್ ಬೇಕೇ ಬೇಕು. ಕರೆಂಟು ಪ್ಯೂರಿಫೈಯರಿಗಿಂತ ಹೆಚ್ಚು.

ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಮುಚ್ಚಿದ ಕಪಾಟಿಗೆ ಚೆನ್ನ, ಕೋಣೆಗೆ ಸಾಲವು.

ಗೋಡೆಯೇ ಸೋರುತ್ತಿದ್ದರೆ ಮೊದಲು ಗಾರೆಯವರನ್ನು ಕರೆಯಿರಿ. ನಮ್ಮ ಸಜ್ಜದ ಬಿರುಕು ಮುಚ್ಚಿದ ಮೇಲೆಯೇ ಆ ಕಪ್ಪು ಚುಕ್ಕಿಗಳು ಮರಳಲಿಲ್ಲ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಆದ್ದರಿಂದ ಮೂಗುಬಾಯಿಗೆ ಮಾಸ್ಕ್ ಕಟ್ಟಿ ಉಜ್ಜಿ ತೆಗೆಯಬೇಕು. ಮೇಲೆ ಬಣ್ಣ ಬಳಿದರೆ ಸಾಲದು.

ನಮ್ಮಂತೆ ರಾತ್ರಿ ಕಿಟಕಿ ಮುಚ್ಚಿ ಮಲಗುವ ತಾರಸಿ ಮನೆಯವರಿಗೆ, ಹದಿನೈದು ಸಾವಿರದ ಮೇಲೆ ಖರ್ಚು ಮಾಡಲು ಆಗುವವರಿಗೆ ಡಿಹ್ಯುಮಿಡಿಫೈಯರೇ ಸರಿ. ಸಂದಿಯಿಂದ ಗಾಳಿಯಾಡುವ ಹಂಚಿನ ಮನೆಗೆ ಅದು ದಂಡ. ಅಂಥವರು ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತೆಯ ಮಾಪಕ ತಂದಿಡಿ, ಮಂಚವನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ.